ಅಳೆಯುವ ಕೊಳಗ ಯಾರ ಕೈಯಲ್ಲಿ?

(ಭದ್ರಾವತಿಯಲ್ಲಿ ಕಾರ್ಖಾನೆಯ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕೂಲಿ, ಬೋನಸ್ಸು, ಗ್ರಾಚ್ಯುಯಿಟಿ, ನಿಂತ ಯಂತ್ರಗಳನ್ನು ಮತ್ತೆ ಓಡಿಸಬೇಕೆಂಬ ಒತ್ತಾಯ, ಇವು ನಮ್ಮ ವೇದಿಕೆಯ ಮಾಮೂಲು ಮಾತುಗಳು. ಮೊಬೈಲಿನ ಬ್ಯಾಂಕು, ವೆಬ್‌ಸೈಟಿನ ಕುಕೀ, ಇವೆಲ್ಲ ಬೆಂಗಳೂರಿನ ಕಂಪ್ಯೂಟರ್ ಬಲ್ಲವರ ಮಾತಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಇದು ನಮ್ಮ ನಿಮ್ಮ ಬೆವರಿನ ಹಣದ ಮಾತು. ಆ ಹಣದ ಬೀಗದ ಕೈ ಯಾರ ಬಳಿ ಇದೆ, ಕಳುವಾದರೆ ನಷ್ಟ ಯಾರ ತಲೆಗೆ ಎಂಬ ಮಾತು.

ಭದ್ರಾವತಿ ಎರಡು ಕಾರ್ಖಾನೆಗಳ ಮೇಲೆ ನಿಂತ ಊರು. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಒಂದು, ಮೂವತ್ತರ ದಶಕದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಇನ್ನೊಂದು. ಕಾಗದದ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತದ್ದನ್ನು ನೀವೆಲ್ಲ ನೋಡಿದ್ದೀರಿ. ಇಂಥ ಊರಿನಲ್ಲಿ ಕೆಲಸ ಬಿಟ್ಟು ಬಂದವನಿಗೆ ಸಿಕ್ಕ ಇಡುಗಂಟೇ ಇಡೀ ಮನೆಯ ಆಸ್ತಿ. ಮಗಳ ಮದುವೆ, ಹೆಂಡತಿಯ ಔಷಧಿ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಎಲ್ಲವೂ ಅದರಿಂದಲೇ ನಡೆಯಬೇಕು. ಹಿಂದೆ ಆ ಹಣ ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆಯೊಳಗಿತ್ತು. ಇಂದು ಅದಕ್ಕೂ ಕಳ್ಳನಿಗೂ ನಡುವೆ ಇರುವುದು ಒಂದು ಫೋನು ಮತ್ತು ಆರು ಅಂಕಿ.

ನಮ್ಮ ಪರಿಚಯದ ನಿವೃತ್ತ ಕಾರ್ಮಿಕರೊಬ್ಬರ ಫೋನಿಗೆ ವಾಟ್ಸಾಪಿನಲ್ಲಿ ಒಂದು ಕಡತ ಬಂತು. ಬ್ಯಾಂಕಿನ ಕೆವೈಸಿ ಬಾಕಿ ಇದೆ, ಇಂದೇ ಸರಿಪಡಿಸದಿದ್ದರೆ ಖಾತೆ ನಿಲ್ಲುತ್ತದೆ ಎಂದು ಅದರೊಡನೆ ಬರೆದಿತ್ತು. ಅವರು ಒತ್ತಿದರು. ಒಂದು ಆ್ಯಪ್ ಕುಳಿತುಕೊಂಡಿತು, ಏನೇನೋ ಅನುಮತಿ ಕೇಳಿತು, ಎಲ್ಲದಕ್ಕೂ ಒಪ್ಪಿದರು. ಅಂದು ರಾತ್ರಿಯೇ ಮೂರು ಕಂತಿನಲ್ಲಿ ಹಣ ಹೋಯಿತು. ಅವರು ಯಾರಿಗೂ ಒಟಿಪಿ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಫೋನಿಗೆ ಬರುವ ಸಂದೇಶಗಳನ್ನು ಆ ಆ್ಯಪೇ ಓದಿ ಕಳ್ಳನಿಗೆ ಮುಟ್ಟಿಸುತ್ತಿತ್ತು. ಹಣ ಹೋದದ್ದಕ್ಕಿಂತ ದೊಡ್ಡ ದುಃಖ ಇನ್ನೊಂದಿದೆ. ನಾಲ್ಕು ದಿನ ಅವರು ಮನೆಯವರಿಗೂ ಹೇಳಲಿಲ್ಲ. "ಓದಿದ ಮಗ ಏನಂದ್ಕೊಳ್ತಾನೋ ಅಂತ ಸುಮ್ಮನಿದ್ದೆ" ಎಂದರು. ಆ ನಾಲ್ಕು ದಿನದ ಬೆಲೆ ಎಷ್ಟೆಂಬುದನ್ನು ಮುಂದೆ ಹೇಳುತ್ತೇವೆ.

ಗೇಟಿನ ಬಿಲ್ಲೆಯೂ ಕುಕೀಯೂ

ಮೊದಲು ಈ ಕುಕೀ ಎಂದರೇನು ಎಂಬುದನ್ನು ತಿಳಿಯೋಣ. ಹೆಸರು ಬಿಸ್ಕತ್ತಿನದು, ಕೆಲಸ ಬಿಲ್ಲೆಯದು. ಹಳೆಯ ಕಾರ್ಖಾನೆಗಳಲ್ಲಿ ಕಾರ್ಮಿಕನಿಗೆ ನಂಬರು ಹಾಕಿದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ಗೇಟಿನವನಿಗೆ ನಿಮ್ಮ ಮುಖ, ಊರು, ಮನೆತನ ಯಾವುದೂ ಬೇಡ. ಬಿಲ್ಲೆ ಇದ್ದರೆ ಒಳಕ್ಕೆ, ಇಲ್ಲದಿದ್ದರೆ ಹೊರಕ್ಕೆ. ವೆಬ್‌ಸೈಟಿಗೂ ಸ್ವಭಾವತಃ ನೆನಪಿನ ಶಕ್ತಿ ಇಲ್ಲ. ಒಂದು ಪುಟ ನೋಡಿ ಇನ್ನೊಂದು ಪುಟಕ್ಕೆ ಹೋದರೆ ನೀವು ಅದಕ್ಕೆ ಹೊಸ ಗಿರಾಕಿ. ಈ ಮರೆವಿಗೆ ಮದ್ದಾಗಿ 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ಎಂಜಿನಿಯರು ಒಂದು ಉಪಾಯ ಕಂಡುಹಿಡಿದರು. ವೆಬ್‌ಸೈಟು ನಿಮ್ಮ ಫೋನಿನ ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿ ಒಂದು ಪುಟ್ಟ ಚೀಟಿ ಇಟ್ಟಿರುತ್ತದೆ; ನೀವು ಮತ್ತೆ ಹೋದಾಗ ಬ್ರೌಸರು ಆ ಚೀಟಿಯನ್ನು ತೋರಿಸುತ್ತದೆ. ಇದೇ ಕುಕೀ.

ಬ್ಯಾಂಕಿನ ವೆಬ್‌ಸೈಟಿನಲ್ಲಿ ನೀವು ಹೆಸರು, ಗುಪ್ತಪದ, ಒಟಿಪಿ ಕೊಟ್ಟು ಒಳಗೆ ಹೋದಾಗ ಬ್ಯಾಂಕು ಉದ್ದವಾದ ಒಂದು ಸಂಖ್ಯೆ ಬರೆದ ಇಂಥ ಚೀಟಿಯನ್ನು ಕೊಡುತ್ತದೆ. ಆಮೇಲೆ ಪುಟ ಪುಟಕ್ಕೂ ಗುಪ್ತಪದ ಕೇಳುವುದಿಲ್ಲ. ಆ ಹೊತ್ತಿಗೆ ಆ ಚೀಟಿಯೇ ನೀವು. ಅದನ್ನು ಬೇರೆಯವನು ಕದ್ದು ತೋರಿಸಿದರೆ ಬ್ಯಾಂಕಿನ ಕಂಪ್ಯೂಟರು ಅವನನ್ನೂ ನೀವೆಂದೇ ತಿಳಿಯುವ ಅಪಾಯವಿದೆ. ಈ ಕಾರಣದಿಂದಲೇ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಬ್ಯಾಂಕು ನಿಮ್ಮನ್ನು ತಾನಾಗಿ ಹೊರಹಾಕುತ್ತದೆ. ಹಣ ಕಳಿಸುವಾಗ ಮತ್ತೊಮ್ಮೆ ಒಟಿಪಿ ಕೇಳುತ್ತದೆ. ಅದನ್ನು ಕಿರುಕುಳವೆನ್ನಬೇಡಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಒತ್ತುವುದೆಂದರೆ ಬಿಲ್ಲೆಯನ್ನು ಗೇಟಿನಲ್ಲಿ ಹಿಂದಕ್ಕೆ ಕೊಟ್ಟಂತೆ. ಬರೀ ಕಿಟಕಿ ಮುಚ್ಚಿ ಎದ್ದು ಬಂದರೆ ಬಿಲ್ಲೆಯನ್ನು ಬೆಂಚಿನ ಮೇಲೆ ಬಿಟ್ಟು ಬಂದಂತೆ ಆದೀತು. ಸೈಬರ್ ಸೆಂಟರಿನಲ್ಲಿ, ಪರರ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಬೇಡವೇ ಬೇಡ ಎನ್ನುವುದು ಇದಕ್ಕಾಗಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕುಕೀ ಎಂಬುದೇ ಕಳ್ಳನಲ್ಲ. ಅದು ವೈರಸ್ಸೂ ಅಲ್ಲ. ಒಂದು ಸೈಟು ಇಟ್ಟ ಚೀಟಿಯನ್ನು ಬ್ರೌಸರು ಇನ್ನೊಂದು ಸೈಟಿಗೆ ತೋರಿಸುವುದಿಲ್ಲ. ಸಿನೆಮಾ ಸುದ್ದಿಯ ಪುಟ ನಿಮ್ಮ ಬ್ಯಾಂಕಿನ ಚೀಟಿಯನ್ನು ಓದಲಾರದು. ಇಲ್ಲದ ಭೂತ ತೋರಿಸಿ ಹೆದರಿಸುವುದು ನಮ್ಮ ಕೆಲಸವಲ್ಲ. ಇರುವ ಭೂತವೇ ಸಾಕಷ್ಟಿದೆ.

ಇನ್ನೊಬ್ಬರು ಬರೆಯುವ ನಮ್ಮ ಖಾತೆ

ಇರುವ ಭೂತ ಇದು. ನೀವು ಒಂದು ಸುದ್ದಿಯ ಪುಟ ತೆರೆದಾಗ ಅದರಲ್ಲಿ ಸುದ್ದಿಯವನು ಒಬ್ಬನೇ ಇರುವುದಿಲ್ಲ. ಜಾಹೀರಾತಿನ ಕಂಪನಿಯವನೂ ಆ ಪುಟದ ಮೂಲೆಯಲ್ಲಿ ಕುಳಿತಿರುತ್ತಾನೆ. ಅವನೂ ತನ್ನದೊಂದು ಚೀಟಿ ಇಡುತ್ತಾನೆ. ಅದೇ ಕಂಪನಿಯವನು ಸಾವಿರಾರು ಬೇರೆ ಸೈಟುಗಳಲ್ಲೂ ಕುಳಿತಿದ್ದಾನೆ. ಎಲ್ಲಿ ಹೋದರೂ ಅದೇ ಚೀಟಿ, ಅದೇ ನಂಬರು. ಒಬ್ಬ ಕಾರ್ಮಿಕ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಔಷಧಿಯ ಬೆಲೆ ನೋಡಿದ, ಮಧ್ಯಾಹ್ನ ಕಾರ್ಖಾನೆ ಮುಚ್ಚುವ ಸುದ್ದಿ ಓದಿದ, ಸಂಜೆ ಕೈಸಾಲ ಎಲ್ಲಿ ಸಿಗುತ್ತದೆಂದು ಹುಡುಕಿದ ಎಂದುಕೊಳ್ಳಿ. ಮೂರು ಅಂಗಡಿಯ ಮೂರು ಮಾತು ಒಂದೇ ಪುಸ್ತಕದಲ್ಲಿ ಕೂಡಿಕೊಂಡವು. ರಾತ್ರಿ ಅವನ ಫೋನಿನಲ್ಲಿ "ಐದೇ ನಿಮಿಷದಲ್ಲಿ ಸಾಲ" ಎಂಬ ಜಾಹೀರಾತು ಬಂದರೆ ಅದನ್ನು ದೈವಯೋಗ ಎನ್ನಬೇಕೆ? ಆ್ಯಪುಗಳಲ್ಲಿ ಕುಕೀಯ ಬದಲು ಫೋನಿಗೇ ಕೊಟ್ಟಿರುವ ಜಾಹೀರಾತಿನ ಗುರುತುಸಂಖ್ಯೆಯೊಂದು ಇದೇ ಕೆಲಸ ಮಾಡುತ್ತದೆ. ಯಾರಿಗೆ ಹಣದ ಕಷ್ಟ ಬಂದಿದೆ ಎಂಬುದು ಕೂಡ ಮಾರಾಟದ ಸರಕಾಗಿದೆ.

ಅಂಗಡಿ ಇಟ್ಟಿರುವ ಮಿತ್ರರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಡದ ಪುಸ್ತಕ ನಿಮ್ಮಲ್ಲೂ ಇದೆ. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರು ಹೋದ ತಿಂಗಳ ಬಾಕಿ ಕೊಟ್ಟಿಲ್ಲ ಎಂಬುದು ನಿಮಗೆ ಗೊತ್ತು. ಆದರೆ ಆ ಪುಸ್ತಕವನ್ನು ಗಿರಾಕಿ ಕೇಳಿದರೆ ತೋರಿಸುತ್ತೀರಿ. ಊರ ಲೇವಾದೇವಿಗಾರನಿಗೆ ಮಾರುವುದಿಲ್ಲ. ಅಂಗಡಿ ಅಂಗಡಿಗೆ ಬರುತ್ತಿದ್ದ ಪಿಗ್ಮಿ ಏಜೆಂಟರನ್ನು ನೆನೆಯಿರಿ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಈ ಪದ್ಧತಿ ತಂದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಾಗಿತ್ತು. ಕೊಟ್ಟವನ ಕಣ್ಣೆದುರಿಗೇ ಲೆಕ್ಕ ಬರೆಯುತ್ತಿದ್ದರು. ಬರೆಯುವವನೂ ಬರೆಸುವವನೂ ಒಂದೇ ಪುಟವನ್ನು ನೋಡುತ್ತಿದ್ದರು. ಇಂದಿನ ಪುಸ್ತಕದಲ್ಲಿ ನಮ್ಮ ಬಗ್ಗೆ ಏನು ಬರೆದಿದೆ ಎಂದು ನಮಗೆ ಕಾಣುವುದಿಲ್ಲ.

2025ರ ಜುಲೈಯಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಬೇಕರಿ, ತರಕಾರಿ, ಚಹಾದ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬರೆದು ಅಂಟಿಸಿದರು. ಪ್ರತಿಭಟನೆಯ ಕರೆ ಹೊರಟ ಮೇಲೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಸರ್ಕಾರ ಹೇಳಬೇಕಾಯಿತು. ತೆರಿಗೆ ಕಟ್ಟಬಾರದೆಂದು ನಾವು ಹೇಳುತ್ತಿಲ್ಲ. ತೆರಿಗೆಯಿಲ್ಲದೆ ಸರ್ಕಾರಿ ಆಸ್ಪತ್ರೆ ನಡೆಯುವುದಿಲ್ಲ. ಆದರೆ ಪ್ರತಿಯೊಂದು ಹತ್ತು ರೂಪಾಯಿಗೂ ಒಂದು ಗುರುತು ಉಳಿಯುತ್ತದೆ, ಆ ಗುರುತುಗಳ ಮೊತ್ತವನ್ನು ನಮಗಿಂತ ಮೊದಲು ಇನ್ನೊಬ್ಬರು ಕೂಡಿಡುತ್ತಾರೆ ಎಂಬುದನ್ನು ಅಂದು ಚಹಾದ ಅಂಗಡಿಯವನೂ ಕಲಿತ.

ಒಪ್ಪಿಗೆ ಎಂಬ ನಾಟಕ

ಕಂಪನಿಗಳ ಉತ್ತರ ಸಿದ್ಧವಾಗಿದೆ. "ನಾವು ಕೇಳಿಯೇ ಇಟ್ಟಿದ್ದೇವೆ, ನೀವೇ ಒಪ್ಪಿದಿರಿ" ಎನ್ನುತ್ತಾರೆ. ಹೌದು, ಒಪ್ಪಿದೆವು. ಹೇಗೆ ಒಪ್ಪಿದೆವು? ಪುಟ ತೆರೆದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಹಲಗೆ ಅಡ್ಡ ಬರುತ್ತದೆ. "ಎಲ್ಲಕ್ಕೂ ಒಪ್ಪಿದೆ" ಎಂಬ ಗುಂಡಿ ದೊಡ್ಡದಾಗಿ, ಬಣ್ಣದಲ್ಲಿ ಇರುತ್ತದೆ. "ಒಪ್ಪುವುದಿಲ್ಲ" ಎನ್ನಬೇಕಾದರೆ ಮೂರು ಬಾಗಿಲು ದಾಟಿ ಒಳಗೆ ಹೋಗಬೇಕು. ಹೊಟ್ಟೆಪಾಡಿನ ಅವಸರದಲ್ಲಿರುವವನು ಯಾವುದನ್ನು ಒತ್ತುತ್ತಾನೆಂಬುದು ಆ ಹಲಗೆ ಮಾಡಿದವನಿಗೆ ಚೆನ್ನಾಗಿ ಗೊತ್ತು.

ಇಂಥ ಒಪ್ಪಿಗೆ ಈ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಕೂಡ ಒಪ್ಪಿಯೇ ಗೇಣಿ ಅಳೆಯುತ್ತಿದ್ದರು. ಆದರೆ ಅಳೆಯುವ ಕೊಳಗ ಒಡೆಯನದು, ಅದರ ಗಾತ್ರ ಒಡೆಯನ ಇಷ್ಟದ್ದು. ಒಪ್ಪದಿದ್ದರೆ ಭೂಮಿ ಬಿಟ್ಟು ನಡೆ ಎಂಬ ಮಾತು ಬೆನ್ನ ಹಿಂದೆ ಇರುತ್ತಿತ್ತು. 1951ರಲ್ಲಿ ಆ ರೈತರು ಕೊಳಗದ ಅಳತೆಯನ್ನೇ ಪ್ರಶ್ನಿಸಿದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಹೋರಾಟದಲ್ಲಿ ಮುಂದೆ ನಿಂತರು. ಡಾಕ್ಟರ್ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆ ಸತ್ಯಾಗ್ರಹ ಕಲಿಸಿದ ಪಾಠ ಸರಳವಾದದ್ದು. ಬೇಡವೆನ್ನಲು ಹಾದಿಯಿಲ್ಲದ ಕಡೆ ಬೇಕೆಂದದ್ದಕ್ಕೆ ಬೆಲೆಯಿಲ್ಲ.

ಈ ಪಾಠವನ್ನು ಹೊರದೇಶದವರೂ ಕಾನೂನಿನಲ್ಲಿ ಬರೆದುಕೊಂಡಿದ್ದಾರೆ. ಕುಕೀಯನ್ನು ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸ್ ದೇಶದ ದತ್ತಾಂಶ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ನಮ್ಮಲ್ಲಿ ಈ ಹಾದಿಯನ್ನು ತೆರೆದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಏಕಕಂಠದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಹಕ್ಕು ದೊಡ್ಡವರ ಬಂಗಲೆಗೆ ಎಷ್ಟೋ ಕಾರ್ಮಿಕನ ಒಂದಂಕಣದ ಮನೆಗೂ ಅಷ್ಟೇ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಡಿತು. ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಕೇಳುವ ನೋಟೀಸು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಸಿಗುವಂತಿರಬೇಕು ಎಂದು ಅದು ಹೇಳುತ್ತದೆ. ಇವು ಒಳ್ಳೆಯ ಮಾತುಗಳು. ಆದರೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಕೊಟ್ಟರು. ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳುವಾಗಿ ನಷ್ಟಪಟ್ಟ ಮನುಷ್ಯನಿಗೆ ಪರಿಹಾರ ಕೊಡುವ ಮಾತು ಆ ಕಾಯಿದೆಯಲ್ಲಿಲ್ಲ. ಸರ್ಕಾರ ತನಗೆ ಬೇಕಾದ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಇಟ್ಟುಕೊಂಡಿದೆ. ಕೊಳಗ ಬದಲಾಗಿದೆ, ಒಡೆಯನ ಕೈಯಿಂದ ಇನ್ನೂ ಪೂರ್ತಿ ಬಿಟ್ಟಿಲ್ಲ.

ನಷ್ಟ ಯಾರದು?

ಈಗ ಆ ನಾಲ್ಕು ದಿನದ ಮಾತಿಗೆ ಬರೋಣ. ಹಣ ಹೋದ ಕೂಡಲೇ ಎಲ್ಲರೂ ಹೇಳುವುದು "ನೀನೇ ಎಚ್ಚರವಾಗಿರಬೇಕಿತ್ತು" ಎಂದು. ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಹೋದಾಗಲೂ ಹಿಂದೆ ಮಾಲೀಕರು ಇದನ್ನೇ ಹೇಳುತ್ತಿದ್ದರು. ಯಂತ್ರಕ್ಕೆ ಕಾಪುಗೂಡು ಹಾಕುವುದು ಮಾಲೀಕನ ಹೊಣೆ ಎಂಬ ಕಾನೂನು ಕಾರ್ಮಿಕರು ಹೋರಾಡಿದ ಮೇಲೆ ಬಂತು. ಎಚ್ಚರ ಬೇಕು, ಆದರೆ ಎಚ್ಚರವನ್ನು ಬಡವನ ತಲೆಗೆ, ಲಾಭವನ್ನು ಬ್ಯಾಂಕಿನ ಪೆಟ್ಟಿಗೆಗೆ ಹಂಚುವುದು ನ್ಯಾಯವಲ್ಲ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯೊಳಕ್ಕೇ ನುಗ್ಗಿ ಕಳ್ಳರು ಸುಮಾರು 94 ಕೋಟಿ ರೂಪಾಯಿ ಹೊಡೆದರು. ಅಲ್ಲಿ ಯಾವ ಠೇವಣಿದಾರ ಒಟಿಪಿ ಹೇಳಿದ್ದ?

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಪ್ರತಿಯೊಬ್ಬ ಖಾತೆದಾರನೂ ತಿಳಿದಿರಬೇಕು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವನ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯವನದು 5,000 ರೂಪಾಯಿ. ಗ್ರಾಹಕನದೇ ಅಜಾಗರೂಕತೆ ಎಂದಾದರೂ, ದೂರು ಕೊಟ್ಟ ಗಳಿಗೆಯ ನಂತರ ಹೋದ ಹಣ ಬ್ಯಾಂಕಿನ ಹೊಣೆ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಗ್ರಾಹಕನದೆಂದು ರುಜುವಾತು ಮಾಡಬೇಕಾದ್ದು ಬ್ಯಾಂಕು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇದನ್ನು ಹೇಳಲಾಯಿತು. ಇಂಥ ನಿಯಮಗಳನ್ನು ರಿಸರ್ವ್ ಬ್ಯಾಂಕು ಆಗಾಗ ತಿದ್ದುತ್ತಿರುತ್ತದೆ. ಆದ್ದರಿಂದ ನಿಮ್ಮ ಶಾಖೆಗೆ ಹೋಗಿ ಈಗಿನ ಪ್ರತಿಯನ್ನು ಕೇಳಿ ಪಡೆಯಿರಿ.

ನಮ್ಮ ಆ ಹಿರಿಯರಿಗೆ ಇದು ಯಾವುದೂ ಗೊತ್ತಿರಲಿಲ್ಲ. ನಾಚಿಕೆ ಅವರ ಬಾಯಿ ಕಟ್ಟಿತು, ದಿನಗಳು ಉರುಳಿದವು. ಕಳ್ಳನಿಗೆ ಬೇಕಾದ್ದೂ ಅದೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ನಡುದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. 1930 ಎಂಬ ನಂಬರಿಗೆ ಕರೆ ಮಾಡುವುದು ಇದಕ್ಕಾಗಿ. ಜೊತೆಗೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಶಿವಮೊಗ್ಗದ ಸೈಬರ್ ಅಪರಾಧಗಳ ಸಿಇಎನ್ ಠಾಣೆಗೆ ಲಿಖಿತವಾಗಿ ಕೊಡಿ. ಮೂವತ್ತು ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಯಿಲ್ಲವೆನಿಸಿದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರ ಬಳಿಗೆ ಹೋಗಬಹುದು. ಅದರ ನಂಬರು 14448. ಇದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಮಾಡಬೇಕಾದ್ದು

ದಿನನಿತ್ಯ ನಾವು ಮಾಡಬೇಕಾದ್ದು ಕೆಲವೇ ಕೆಲಸ. ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು, ಅದು ಮದುವೆಯ ಕರೆಯೋಲೆ ಎನ್ನಲಿ, ವಾಹನದ ದಂಡದ ಚೀಟಿ ಎನ್ನಲಿ, ಒತ್ತಬೇಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಬ್ಯಾಂಕುಗಳ ವೆಬ್‌ಸೈಟಿನ ವಿಳಾಸ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ಗುಪ್ತಪದ ಬರೆಯುವ ಮುಂಚೆ ಆ ಬಾಲವನ್ನು ನೋಡಿ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ತಮ್ಮ ಕ್ಯೂಆರ್ ಚೀಟಿಯ ಮೇಲೆ ಇನ್ನೊಂದು ಚೀಟಿ ಕೂತಿಲ್ಲವೇ ಎಂದು ನೋಡಿಕೊಳ್ಳಿ. ಗಿರಾಕಿಯ ಫೋನಿನ ಚಿತ್ರ ನಂಬದೆ ನಿಮ್ಮ ಖಾತೆಗೆ ಬಂದದ್ದನ್ನೇ ನಂಬಿ. ಬ್ರೌಸರಿನ ಸೆಟ್ಟಿಂಗಿನಲ್ಲಿ ಹೊರಗಿನವರ ಕುಕೀಗಳನ್ನು ತಡೆಯುವ ಗುಂಡಿಯಿದೆ, ಅದನ್ನು ಹಾಕಿ. ಸಾಲದ ಆ್ಯಪು ನಿಮ್ಮ ಫೋನಿನ ಹೆಸರುಗಳ ಪಟ್ಟಿ ಕೇಳಿದರೆ ಅಲ್ಲಿಗೇ ನಿಲ್ಲಿ. ಆ ಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ.

ಇಷ್ಟಕ್ಕೇ ನಿಂತರೆ ಮತ್ತೆ ಒಬ್ಬೊಬ್ಬನ ಎಚ್ಚರಕ್ಕೇ ಎಲ್ಲವನ್ನೂ ಬಿಟ್ಟಂತಾಯಿತು. ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಒತ್ತಾಯಗಳನ್ನು ಇಡುತ್ತೇವೆ. ನಷ್ಟದ ಹೊಣೆಯ ನಿಯಮವನ್ನು ಭದ್ರಾವತಿ, ಶಿವಮೊಗ್ಗಗಳ ಪ್ರತಿಯೊಂದು ಶಾಖೆಯ ಗೋಡೆಯ ಮೇಲೆ ದಪ್ಪಕ್ಷರದ ಕನ್ನಡದಲ್ಲಿ ಹಾಕಬೇಕು. ದೂರು ಕೊಟ್ಟವನಿಗೆ ಆ ಕ್ಷಣವೇ ಲಿಖಿತ ರಸೀತಿ ಕೊಡಬೇಕು. ಒಪ್ಪಿಗೆ ಕೇಳುವವರು ಕನ್ನಡದಲ್ಲಿ ಕೇಳಬೇಕು, "ಬೇಡ" ಎಂಬ ಗುಂಡಿ "ಸರಿ" ಎಂಬ ಗುಂಡಿಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಇರಬೇಕು. ಮಾಹಿತಿ ಸೋರಿ ನಷ್ಟವಾದವನಿಗೆ ಪರಿಹಾರ ಸಿಗುವಂತೆ 2023ರ ಕಾಯಿದೆಯನ್ನು ತಿದ್ದಬೇಕು.

ಇನ್ನೊಂದು ಕೆಲಸ ಸರ್ಕಾರದ್ದಲ್ಲ, ನಮ್ಮದೇ. ಪ್ರತಿ ಸಂಘದಲ್ಲೂ, ಪ್ರತಿ ಬಜಾರಿನಲ್ಲೂ ಇಬ್ಬರು ಕಲಿತು ನಿಲ್ಲಲಿ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೂ ಬೈಯದೆ, ನಗದೆ, ಕೂಡಲೇ 1930ಕ್ಕೆ ಕರೆ ಮಾಡಿಕೊಡುವ ಇಬ್ಬರು. ಮೋಸಹೋದವನನ್ನು ದಡ್ಡನೆಂದು ನಗುವ ಊರಿನಲ್ಲಿ ಕಳ್ಳನಿಗೆ ಮೂರು ದಿನದ ರಜೆ ಸಿಗುತ್ತದೆ. ನಮ್ಮ ಆ ಹಿರಿಯರು ಇಂದು ಈ ಸಭೆಗೆ ಬಂದಿದ್ದಾರೆ. ದೂರು ಕೊಟ್ಟಿದ್ದಾರೆ, ತಪ್ಪು ಅವರದೆಂದು ರುಜುವಾತು ಮಾಡಿ ತೋರಿಸಿರೆಂದು ನಾವು ಅವರ ಜೊತೆ ಹೋಗಿ ಬ್ಯಾಂಕನ್ನು ಕೇಳಿದ್ದೇವೆ. ಹಣ ಬರುವುದೋ ಇಲ್ಲವೋ, ಹೋರಾಡದೆ ಬಿಡುವುದಿಲ್ಲ. ಆದರೆ ಅವರು ಇನ್ನು ತಲೆ ತಗ್ಗಿಸಿ ಕೂರಬೇಕಾಗಿಲ್ಲ.

ಕಾಗೋಡಿನ ರೈತ ಕೊಳಗವನ್ನು ಕೈಗೆತ್ತಿಕೊಂಡು ಇದರ ಅಳತೆ ಎಷ್ಟು ಎಂದು ಕೇಳಿದ. ಬಂಧುಗಳೇ, ನಮ್ಮ ಕೈಯಲ್ಲಿರುವ ಫೋನನ್ನು ಹಿಡಿದು ನಾವೂ ಅದನ್ನೇ ಕೇಳೋಣ.